ಐದನೇ ಪುಟ ಸಿಗದೆ ಮಲಗಿದ ಬಿಳಿ ರಾಜ

ಹೆಸರಿನಲ್ಲಿ ‘ಸ್ಕಿ’ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ನನ್ನ ಒಗ್ಗರಣೆ ಎಣ್ಣೆಗೆ ಬಿಟ್ಟುಕೊಟ್ಟಿರುವ ಚೆಸ್ ಮಹಾಶಯರ ಪಾದಗಳಿಗೆ, ಅಂದರೆ ಬೂಟಿರುವ ಬಲಪಾದಕ್ಕೂ ಬೂಟಿಲ್ಲದ ಎಡಪಾದಕ್ಕೂ, ಅಜ್ಜಂಪುರದ ವನಜಾಕ್ಷಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಅರವತ್ತು ವರ್ಷದ ಹಿಂದಿನ ಪತ್ರಿಕೆಯೊಂದರ ಎರಡನೇ ಪುಟದ ಚೆಸ್ ವರದಿಯಾಗಿ ನಮ್ಮ ಮಾವ ಮಲ್ಲಿಕಾರ್ಜುನಪ್ಪನವರ ಟ್ರಂಕಿನ ತಳದಲ್ಲಿ ವಾಸವಾಗಿದ್ದಿರಿ. ಮಾವ ತೀರಿಕೊಂಡ ಮೇಲೆ ತಮ್ಮ ಹಾಳೆ ಹಾಸುಕಾಗದವಾಗಿ ನನ್ನ ಅಡುಗೆಮನೆಯ ಶೆಲ್ಫಿಗೂ, ಒಳಗಿನ ಹಾಳೆ ತರೀಕೆರೆಯಲ್ಲಿರುವ ನನ್ನ ನಾದಿನಿ ತನುಜಾಳ ಶೆಲ್ಫಿಗೂ ಹೋದವು. ಹಂಚಲಾಗದೆ ಉಳಿದದ್ದು ಮಾವನ ಮರದ ಚೆಸ್ ಮಣೆ. ನಮ್ಮಿಬ್ಬರಿಗೂ ಆಟ ಕಲಿಸಿದ್ದು ಅವರೇ, ನನಗಂತೂ ಆ ಮಣೆಯೆಂದರೆ ಪ್ರಾಣ. ಇಬ್ಬರ ಊರಿಗೂ ಅನುಕೂಲವೆಂದು ಬೀರೂರು ಜಂಕ್ಷನ್ನಿನ ಬೆಂಚಿನ ಮೇಲೆ ಒಂದೇ ಆಟ, ಗೆದ್ದವರಿಗೆ ಮಣೆ ಎಂದು ತೀರ್ಮಾನವಾಯಿತು.

ಆ ಪುಣ್ಯಾತ್ಮ ವರದಿಗಾರ ತಮ್ಮ ಒಂದು ನಡೆಯನ್ನೂ ಬರೆಯದೆ ಬರೀ ಅಭ್ಯಾಸಗಳನ್ನು ಬರೆದಿದ್ದರಿಂದ ನಾನು ಅವನ್ನೇ ಬಾಯಿಪಾಠ ಮಾಡಿ ಹೊರಟೆ. ತಮ್ಮಂತೆಯೇ ಎಡಗಾಲಿನ ಚಪ್ಪಲಿ ಬಿಚ್ಚಿಟ್ಟೆ, ಅದನ್ನು ನಾಯಿ ಕಚ್ಚಿಕೊಂಡು ಹೋಯಿತು. ತಮ್ಮಂತೆಯೇ ನಿಂಬೆಹಣ್ಣು ಮೂಸಿದೆ, ಪಕ್ಕದಲ್ಲಿದ್ದವರು ನನಗೆ ವಾಂತಿಯೆಂದು ದೂರ ಸರಿದು ಕೂತರು. ತಮ್ಮಂತೆಯೇ ಐದು ನಡೆಗೊಮ್ಮೆ ಎದ್ದು ಮೂರು ಸುತ್ತು ಹಾಕಿದಾಗ, ಕಡೂರಿಗೆ ಹೊರಟಿದ್ದ ಅಂಜಿನಮ್ಮ ಎಂಬ ಅಜ್ಜಿ, “ಯಾವ ದೇವ್ರಿಗೆ ಹರಕೆ ಕಣವ್ವಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೈ ಮುಗಿದುಕೊಂಡು ನನ್ನ ಹಿಂದೆಯೇ ಬೆಂಚು ಸುತ್ತತೊಡಗಿದರು. ನಗು ತಡೆಯಲಾರದೆ ತನುಜಾ ತನ್ನ ಮಂತ್ರಿಯನ್ನೇ ಕಳೆದುಕೊಂಡಳು. ತಮ್ಮ ಮಹಿಮೆ ಅಷ್ಟಿಷ್ಟಲ್ಲ ಸ್ವಾಮಿ!

ಇನ್ನೊಂದೇ ನಡೆಗೆ ಅವಳ ರಾಜ ಕಟ್ಟು, ಮಣೆ ನನ್ನದು. ಆಗ ತಮ್ಮ ಕೊನೆಯ ಸಾಲು ನೆನಪಾಯಿತು: ‘ಕೊನೆಗೆ ಮಹಾಶಯರು ಮುಗುಳ್ನಕ್ಕು, ತಮ್ಮ ರಾಜನನ್ನು ಮೆಲ್ಲನೆ ಮಲಗಿಸಿ ಎದ್ದುಹೋದರು. ಐದನೇ ಪುಟ ನೋಡಿ.’ ನಮ್ಮ ಮನೆಯಲ್ಲಿ ಸೋತವರು ಮಣೆ ಮಗುಚಿ ಏಳುತ್ತಿದ್ದರೇ ಹೊರತು ರಾಜನನ್ನು ಮಲಗಿಸಿದವರಿಲ್ಲ. ಆದ್ದರಿಂದ ಇದು ಗೆದ್ದವರು ತೋರುವ ದೊಡ್ಡತನವೆಂದು ತಿಳಿದು ಮುಗುಳ್ನಕ್ಕೆ, ನನ್ನ ಬಿಳಿ ರಾಜನನ್ನು ಮಲಗಿಸಿದೆ, ಎದ್ದೆ. ತನುಜಾ ಬ್ಯಾಗಿನಿಂದ ತನ್ನ ಪಾಲಿನ ಒಳಹಾಳೆಯ ಐದನೇ ಪುಟ ತೆಗೆದು ಜೋರಾಗಿ ಓದಿದಳು: ‘ಗೆಲುವಿಗೆ ಒಂದೇ ನಡೆ ಬಾಕಿಯಿದ್ದುದನ್ನು ಕಾಣದೆ ಅವರು ಸೋಲೊಪ್ಪಿಕೊಂಡದ್ದು ನೋಡಿ ಸಭಿಕರು ದಂಗಾದರು.’ ನಾನೂ ದಂಗಾದೆ. ಮಣೆ ತನುಜಾಳ ಪಾಲಾಯಿತು. ಒಂಟಿ ಚಪ್ಪಲಿಯಲ್ಲಿ ಅಜ್ಜಂಪುರಕ್ಕೆ ಬಂದು, ಮಾವನ ಫೋಟೊದ ಮುಂದೆ ಕೂತು ಅತ್ತುಬಿಟ್ಟೆ.

ಆದಕಾರಣ ತಾವು ಎಲ್ಲೇ ಇದ್ದರೂ, ಸತ್ತಿದ್ದರೂ ಸರಿಯೇ, ಕೂಡಲೇ ಬೀರೂರಿಗೆ ದಯಮಾಡಿಸಿ, ನನ್ನ ರಾಜನನ್ನು ಎಬ್ಬಿಸಿ, ನಾಯಿಯಿಂದ ಚಪ್ಪಲಿ ಬಿಡಿಸಿಕೊಟ್ಟು, ನಾನು ಬೀರೂರು ಬಿಡುವವರೆಗೂ ಪ್ರಸಾದ ಕೇಳುತ್ತಲೇ ಇದ್ದ ಅಂಜಿನಮ್ಮನವರಿಗೆ ಸಮಜಾಯಿಷಿ ಹೇಳಬೇಕಾಗಿ ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ವನಜಾಕ್ಷಿ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ತರೀಕೆರೆ ಬಸ್ಸಿನಲ್ಲಿ ಒಂದು ಪೊಟ್ಟಣ ಬಂತು. ಐದನೇ ಪುಟದಲ್ಲಿ ಸುತ್ತಿದ ಬಿಳಿ ರಾಜ, ಜೊತೆಗೆ ತನುಜಾಳ ಚೀಟಿ: “ಅತ್ತಿಗೆ, ಇದನ್ನ ನಾನು ಗೆದ್ದಿಲ್ಲ. ನೀವೇ ಮಲಗ್ಸಿದ್ದು, ನೀವೇ ಎಬ್ಬಿಸ್ಕೊಂಡು ಬನ್ನಿ. ಭಾನುವಾರ, ಅದೇ ಬೆಂಚು.” ಹೊರಟಿದ್ದೇನೆ. ಎರಡೂ ಚಪ್ಪಲಿ ಹಾಕಿಕೊಂಡು. ಮಹಾಶಯರೇ, ತಾವು ಮಾತ್ರ ದಯವಿಟ್ಟು ಬರಬೇಡಿ.