ಎದೆಮಟ್ಟದ ಸುತ್ತಳತೆ

ನಮ್ಮ ಸೋದರತ್ತೆಯ ಎದುರು ಯಾರೇ ಬಂದು ನಿಲ್ಲಲಿ, ಅತ್ತೆಯ ಕಣ್ಣಿಗೆ ಮೊದಲು ಕಾಣುವುದು ಮುಖವಲ್ಲ, ಸುತ್ತಳತೆ. ಬಣಕಲ್‌ನಲ್ಲಿ ಬಹಳ ಕಾಲ ಟೈಲರಿಂಗ್ ಅಂಗಡಿ ನಡೆಸಿದವರು. ಮದುವೆಮನೆಯಲ್ಲಿ ಸಿಕ್ಕವರನ್ನು ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, "ಸೊಂಟ ಇಳಿದಿದೆಯಲ್ಲ, ಶುಗರ್ ಏನಾದ್ರೂ ಬಂತಾ?" ಎನ್ನುತ್ತಾರೆ. ಇಂಥವರು ಮರಗಳನ್ನು ಬಿಟ್ಟಾರೆಯೇ?

ಚಿಕ್ಕಮಗಳೂರು ಪೇಟೆಯ ಮರಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಸಮೀಕ್ಷೆಗೆ ಸ್ವಯಂಸೇವಕರು ಬೇಕು ಎಂದಳಂತೆ. ಅತ್ತೆ ತಮ್ಮ ಹೆಸರು ಕೊಟ್ಟರು, ಜೊತೆಗೆ ನನ್ನದನ್ನೂ. "ಇವ್ನು ಕಾಫಿ ತೋಟದವ್ನು, ಮರ ಎಲ್ಲ ಗೊತ್ತು" ಅಂದುಬಿಟ್ಟರು. ನನಗೆ ಗೊತ್ತಿರುವುದು ಇಷ್ಟೇ: ಮೆಣಸಿನ ಬಳ್ಳಿ ಹಬ್ಬಿದ್ದರೆ ಅದು ಸಿಲ್ವರ್ ಓಕ್. ಪೇಟೆಯಲ್ಲಿ ಯಾವ ಮರಕ್ಕೂ ಬಳ್ಳಿಯೇ ಇರಲಿಲ್ಲ. ಮೊದಲ ಮರವನ್ನು ಗಂಭೀರವಾಗಿ ದಿಟ್ಟಿಸಿ "ಇದು ಕಾಡುಜಾತಿ" ಅಂದೆ. "ಸರ್, ಇದು ಹೊಂಗೆ" ಅಂದಳು ಹುಡುಗಿ. ಅಲ್ಲಿಂದ ಮುಂದೆ ನನಗೆ ಟೇಪಿನ ತುದಿ ಹಿಡಿಯುವ ಕೆಲಸ.

"ಎದೆಮಟ್ಟದಲ್ಲಿ ಅಳೀರಿ ಆಂಟಿ" ಅಂದಳು.

"ಯಾರ ಎದೆಮಟ್ಟ? ನನ್ನದಕ್ಕೆ ಹಿಡಿದ್ರೆ ಇವನ ಹೊಟ್ಟೆಮಟ್ಟ ಆಗುತ್ತೆ."

ಹುಡುಗಿ ಪಾಪ, ಒಂದು ಕೋಲಿಗೆ ಗುರುತು ಹಾಕಿ ಕೊಟ್ಟಳು. ಒಂದು ಬೀದಿ ಪೂರ್ತಿ ಮುಗಿಸಿದೆವು. ಆಮೇಲೆ ನೋಡಿದರೆ ಅತ್ತೆ ಪ್ರತಿ ಮರಕ್ಕೂ ಟೇಪಿನ ಒಳಗೆ ಎರಡು ಬೆರಳು ತೂರಿಸಿ ಅಳೆದಿದ್ದಾರೆ.

"ಬೆಳೆಯೋವಕ್ಕೆ ಸ್ವಲ್ಪ ಲೂಸ್ ಬಿಡಬೇಕಲ್ವೇನಮ್ಮ?"

ಅಷ್ಟೂ ಅಂಕಿಗಳನ್ನು ಹೆಮ್ಮೆಯಿಂದ ಕೂಗಿ ಬರೆಸಿದವನು ನಾನು. ಬಿಸಿಲಲ್ಲಿ ಬೀದಿಯನ್ನು ಮೊದಲಿಂದ ಅಳೆದೆವು.

ಮಧ್ಯಾಹ್ನ, ಸಮೀಕ್ಷೆಗೆ ಬಂದಿದ್ದ ಕಾಲೇಜಿನ ಮಕ್ಕಳೂ ಸೇರಿ ಎಲ್ಲರೂ ಒಂದು ಮಳೆಮರದ ಕೆಳಗೆ ಚಿತ್ರಾನ್ನಕ್ಕೆ ಕೂತೆವು. ನಾನು ಇನ್ನೊಂದು ಸಲ ಹಾಕಿಸಿಕೊಳ್ಳಲು ಎದ್ದಾಗ ಅತ್ತೆ ತಡೆದರು. "ಬಾ ಇಲ್ಲಿ, ಇದೊಂದು ಬಿಟ್ಟುಹೋಗಿದೆ" ಎಂದು ಎಲ್ಲರೆದುರೇ ನನಗೆ ಟೇಪು ಸುತ್ತಿದರು. ಕಾಲೇಜಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಹೊಟ್ಟೆ ಒಳಗೆಳೆದುಕೊಂಡೆ.

"ಉಸಿರು ಬಿಡೋ, ಮೋಸ ಮಾಡ್ಬೇಡ."

ಬಿಟ್ಟೆ. ಸೊಂಟ, ಎದೆ ಎಂದು ಜೋರಾಗಿ ಓದುತ್ತಿದ್ದವರು ಭುಜಕ್ಕೆ ಬಂದಾಗ ಅಂಕಿ ಹೇಳದೆ ಟೇಪು ಸರಿಪಡಿಸಿದರು. ಮತ್ತೊಮ್ಮೆ ಅಳೆದರು. ತೋಳನ್ನೂ ಅಳೆದರು.

"ಅಣ್ಣನ ಅಳತೆ ಕಣೋ ಇದು."

ಅವರ ಅಣ್ಣ ಅಂದರೆ ನನ್ನ ಅಪ್ಪ. ತೀರಿಕೊಳ್ಳುವ ತನಕ ಅವರು ತೊಟ್ಟ ಅಂಗಿಗಳೆಲ್ಲ ಅತ್ತೆ ಹೊಲಿದವೇ. ನನಗೆ ಅಪ್ಪನ ಯಾವ ಹೋಲಿಕೆಯೂ ಇಲ್ಲ ಎಂಬುದು ಮನೆಯವರೆಲ್ಲರ ತೀರ್ಮಾನ, ನನ್ನದೂ ಅದೇ.

ಟೇಪು ಇನ್ನೂ ನನ್ನ ಭುಜದ ಮೇಲೇ ಇತ್ತು. ಹುಡುಗಿ ಮುಂದಿನ ಬೀದಿಗೆ ಹೊರಡೋಣವೇ ಎಂದು ಕೇಳಿದಳು. ಅತ್ತೆಗೆ ಕೇಳಿಸಲಿಲ್ಲ.

"ಒಂಚೂರು ಹಾಗೇ ನಿಲ್ಲು ಮಾರಾಯ" ಅಂದರು.

ನಿಂತೆ.