ನಾಲ್ಕು ಗೇರು ಹಿಂದಕ್ಕೆ

ಸುರಪುರದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗೇರು, ರಾಟೆ, ಸನ್ನೆಗೋಲಿನ ಪಾಠ ಮಾಡಿದ ನನಗೆ ಒಂದು ಕಾರಿನ ಹಿಂದಿನ ಆಕ್ಸಲ್ ಯಾವ ಲೆಕ್ಕ!

ಕಾರು ಮಾವನವರ ಹಳೆಯ ಅಂಬಾಸಿಡರ್. ಶಹಾಪುರದಲ್ಲಿ ಅದನ್ನು ಬಾಡಿಗೆಗೆ ಓಡಿಸಿಯೇ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಆಕ್ಸಲ್ ಮುರಿದ ದಿನ ಅದನ್ನು ನನಗೊಪ್ಪಿಸಿ, "ಇನ್ನೊಮ್ಮಿ ನಾನೇ ಹೊಡ್ಕೊಂಡು ಹೊಳಿ ದಂಡಿ ತಿಂಥಣಿ ಗುಡಿಗಿ ಹೋಗಬೇಕ್ರಿ ಅಳಿಯಂದ್ರ. ಅಷ್ಟ ಆಸೆ" ಎಂದಿದ್ದರು. ಬರುವ ಅಮಾವಾಸ್ಯೆಗೇ ಎಂದು ಮಾತು ಕೊಟ್ಟೆ.

"ಮಿಕ್ಸರ್ ಬಿಚ್ಚಿದ್ದು ನೆನಪೈತೇನ್ರಿ?" ಎಂದಳು ಹೆಂಡತಿ ಶರಣಮ್ಮ. ಮಹಾಕಾರ್ಯದ ಆರಂಭದಲ್ಲಿ ಇಂಥದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳಬಾರದು.

ಬರೀ ರಿಪೇರಿ ಮಾಡಿದರೆ ನನ್ನ ವಿದ್ಯೆಗೇ ಅವಮಾನ. ಯಾದಗಿರಿಯ ಗುಜರಿಯಿಂದ ಹಳೆಯ ಜೀಪಿನ ಗಟ್ಟಿ ಆಕ್ಸಲ್ ತಂದೆ. ಮೆಕ್ಯಾನಿಕ್ ಮೆಹಬೂಬ್ ಚಾಚಾ ಅದರ ಮೇಲೆ ಚಾಕ್‌ಪೀಸಿನಿಂದ ಬಾಣದ ಗುರುತು ಬರೆದು, "ಈ ಬಾಣ ಆಸಮಾನ್ ಕಡಿ, ಮ್ಯಾಲ ಇರ್ಬೇಕು ಮಾಸ್ತರ್, ಯಾದ್ ಇಟ್ಕೊಳ್ರಿ" ಎಂದು ಹೇಳಿ ಮಗಳ ಊರು ಹೈದರಾಬಾದಿಗೆ ಹೋದರು.

ಆಕ್ಸಲಿನ ಹೊಟ್ಟೆ ಬಿಚ್ಚಿದೆ. ದೇವರೇ! ಹಲ್ಲಿಗೆ ಹಲ್ಲು ಕೂಡಿ, ಒಂದು ಬದಿ ತಿರುಗಿಸಿದರೆ ಇನ್ನೊಂದು ಬದಿ ಉಲ್ಟಾ ತಿರುಗುತ್ತದೆ! ಬೋರ್ಡಿನ ಮೇಲೆ ನೂರು ಸಲ ಬರೆದದ್ದನ್ನು ಕಣ್ಣಾರೆ ಕಂಡದ್ದು ಅಂದೇ. ಕೈಮುಗಿದುಬಿಟ್ಟೆ. ಆ ಭಕ್ತಿಯಲ್ಲೇ ಬೇರಿಂಗು ಬದಲಿಸಿದೆ, ಎರಡು ದಿನ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದೆ, ಕಪ್ಪು ಬಣ್ಣ ಬಳಿದೆ. ಮುಖ ಕಾಣುವಷ್ಟು ಹೊಳೆಯಿತು.

ಬಾಣವೂ ತೊಳೆದುಹೋಯಿತು!

ಆಕ್ಸಲನ್ನು ಕಾರಿನ ಸ್ಪ್ರಿಂಗಿನ ಕಮಾನುಪಟ್ಟಿಗೆ ಹೊಂದುವಂತೆ ಬೆಸೆಯಲು ಬಂದ ವೆಲ್ಡರ್, "ಮ್ಯಾಲಿನ ಬಾಜು ಯಾವ್ದ್ರಿ ಸರ?" ಎಂದ. ವಿಜ್ಞಾನ ಶಿಕ್ಷಕ ತಡವರಿಸಬಾರದು. "ಇದೇ!" ಎಂದೆ.

ಪೂಜೆಗೆ ಮುಂಚೆ ಗಾಡಿ ಕದಲಿಸಬಾರದೆಂದು ಶರಣಮ್ಮ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಹೀಗಾಗಿ ಓಡಿಸಿ ನೋಡಲೂ ಆಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಮಾವನವರು ಹೊಸ ಧೋತರ ಉಟ್ಟು ಬಂದರು. ಬಗ್ಗಿ ನೋಡಿ, "ಏನ್ ಮಿಂಚಾಕತ್ತೈತ್ರಿ!" ಎಂದು ಬೆರಗಾದರು. ಕಾಯಿ ಒಡೆದದ್ದಾಯಿತು. ಶರಣಮ್ಮ ಮುಂದಿನ ಚಕ್ರಗಳ ಎದುರು ಎರಡು ಲಿಂಬೆಹಣ್ಣು ಇಟ್ಟಳು. ಗಾಡಿ ಅವನ್ನು ತುಳಿದು ಮುಂದೆ ಹೋಗಬೇಕು. ಮಾವನವರು ಸ್ಟೇರಿಂಗಿಗೆ ನಮಸ್ಕರಿಸಿ ಒಂದನೇ ಗೇರು ಹಾಕಿದರು.

ಕಾರು ಅತ್ಯಂತ ಗಾಂಭೀರ್ಯದಿಂದ ಹಿಂದಕ್ಕೆ ಹೋಯಿತು!

"ಎರಡನೇದು ಹಾಕ್ರಿ ಮಾವಾರ!" ಎಂದು ಕೂಗಿದೆ. ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಪಕ್ಕದವರ ಜೋಳದ ಕಣಿಕೆಯ ಬಣವೆಯೊಳಗೆ ಅರ್ಧ ಹೊಕ್ಕು ನಿಂತಿತು. ಲಿಂಬೆಹಣ್ಣುಗಳು ಇದ್ದಲ್ಲೇ ಇದ್ದವು.

ಚಾಚಾಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಆಕ್ಸಲ್ ತೆಳಗ ಮ್ಯಾಲ ಮಾಡಿ ಕುಂದ್ರಿಸೀರಿ, ಅದಕ್ಕ ಗಾಲಿ ಉಲ್ಟಾ ತಿರುಗ್ತಾವ. ಯಾ ಅಲ್ಲಾ! ನಾಕೂ ಗೇರ್ ಹಿಂದ ಹೋಗೋ ಗಾಡಿ ನನ್ನ ಉಮರ್‌ದಾಗ ಯಾರೂ ಮಾಡಿಲ್ಲ ಮಾಸ್ತರ್!" ಎಂದರು. ದನಿಯಲ್ಲಿ ನಿಜವಾದ ಗೌರವವಿತ್ತು.

ಮಾವನವರು ಹೊಸ ಧೋತರದ ಮೇಲೆ ಬಿದ್ದ ಕಣಿಕೆಯ ಒಣ ರವದಿಯನ್ನು ಒಂದೊಂದಾಗಿ ಆರಿಸುತ್ತಿದ್ದರು. ಅವರು ಮೆಲ್ಲಗೆ ತಲೆ ಎತ್ತಿದರು.

"ಹಂಗಾದ್ರ ರಿವರ್ಸ್ ಹಾಕಿದ್ರ ಮುಂದ ಹೋಗ್ಬೇಕಲ್ರಿ?"

ಹೋಯಿತು! ಲಿಂಬೆಹಣ್ಣು ಎರಡೂ ಅಪ್ಪಚ್ಚಿಯಾದವು. ಹದಿನೆಂಟು ವರ್ಷದ ವಿಜ್ಞಾನಕ್ಕೆ ಹೊಳೆಯದ್ದು ಅವರಿಗೆ ಹೊಳೆದಿತ್ತು.

ತಿಂಥಣಿಯವರೆಗೂ ಒಂದೇ ಗೇರು. ದಾರಿಯಲ್ಲಿ ಒಬ್ಬ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿದ. ಮಾವನವರು ಮಾತ್ರ ಮದುಮಗನ ಹಾಗೆ ನೆಟ್ಟಗೆ ಕುಳಿತಿದ್ದರು. ಹೊಳೆ ಕಂಡಾಗ ಕಣ್ಣೊರೆಸಿಕೊಂಡು, "ಆಕ್ಸಲ್ ಅಗ್ದಿ ಗಟ್ಟಿ ಐತ್ರಿ ಅಳಿಯಂದ್ರ" ಎಂದರು.

ಮರುದಿನ ಶಾಲೆಯಲ್ಲಿ ಗೇರಿನ ಪಾಠ ಬಿಟ್ಟು ಗಿಡಗಳ ಪಾಠ ಶುರುಮಾಡಿದೆ. ಅವು ನೆಟ್ಟಲ್ಲೇ ಇರುತ್ತವೆ.