ಮುನಿಶಾಮಯ್ಯನ ಬಲಗಿವಿಯೂ ಸುಚಿತ್ರಾಳ ಲ್ಯಾಪ್‌ಟಾಪೂ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡು ಕೊಂಡು ನೂಲು ತೆಗೆಯುವ ರೀಲರ್ ಮುನಿಶಾಮಯ್ಯನ ಬಲಗಿವಿಗೆ ಇರುವ ಮರ್ಯಾದೆ ಮುನಿಶಾಮಯ್ಯನಿಗೂ ಇಲ್ಲ. ರೇಷ್ಮೆಗೂಡೊಂದನ್ನು ಆ ಕಿವಿಯ ಪಕ್ಕ ಹಿಡಿದು ಎರಡು ಸಲ ಅಲ್ಲಾಡಿಸಿದನೆಂದರೆ, ಒಳಗಿನ ಹುಳದ ಆರೋಗ್ಯ, ಎಳೆಯ ಉದ್ದ, ಸಾಕಿದವನ ಊರು ಎಲ್ಲವೂ ಬಯಲಾಗುತ್ತವೆ ಎಂದು ಪ್ರತೀತಿ. ಅವನು ಬರುವುದು ಕಂಡರೆ ಮಾಗಡಿ ಕಡೆಯವರು ಕೆಟ್ಟ ಗೂಡನ್ನು ತಳಕ್ಕೆ ತಳ್ಳುತ್ತಾರೆ. ಕಲ್ಲಂಗಡಿ, ಗೋಡೆ ಗಡಿಯಾರ, ಗ್ಯಾಸ್ ಸಿಲಿಂಡರು, ಒಮ್ಮೆ ಬೀಗರು ಕೊಟ್ಟ ಮುಯ್ಯಿ ಲಕೋಟೆ ಕೂಡ ಆ ಕಿವಿಯ ಮುಂದೆ ಹಾಜರಾಗಿ ತೀರ್ಪು ಪಡೆದಿವೆ.

ಆದ್ದರಿಂದ ಸೋಮವಾರ ಬೆಳಿಗ್ಗೆ ಹೆಂಡತಿ ಸುಚಿತ್ರಾಳ ಲ್ಯಾಪ್‌ಟಾಪು ಕಪ್ಪು ಪರದೆ ತೋರಿಸಿ ಮುಷ್ಕರ ಹೂಡಿದಾಗ, ಅವನು ಅದನ್ನೆತ್ತಿ ಕಿವಿಗೆ ಹಿಡಿದದ್ದರಲ್ಲಿ ವಿಶೇಷವೇನಿಲ್ಲ.

"ರೀ, ಅದು ಗೂಡಲ್ಲ," ಎಂದಳು ಹೈಸ್ಕೂಲಿನ ಗಣಿತದ ಮೇಡಂ ಸುಚಿತ್ರಾ. "ನೂರೆಂಬತ್ತು ಮಕ್ಕಳ ಮಾರ್ಕ್ಸ್ ಅದರಲ್ಲೈತೆ. ಸಂಜೆ ಐದರೊಳಗೆ ಕಳಿಸ್ಬೇಕು. ಪೇಪರ್ ಎಲ್ಲ ಮಕ್ಕಳಿಗೆ ವಾಪಸ್ ಕೊಟ್ಟಾಯ್ತು."

"ಒಸಿ ಸುಮ್ಕಿರು." ಅಲ್ಲಾಡಿಸಿದ. ಲೊಟ್, ಲೊಟ್. "ಕೇಳ್ತಾ? ಹುಳ ಆಡ್ತಾ ಐತೆ. ಎಳೆ ಕೆಟ್ಟಿಲ್ಲ ಕಣೆ. ನೀನು ಸ್ಕೂಲಿಗೆ ನಡಿ, ನಾನು ನೋಡ್ಕತೀನಿ."

ಮೊದಲ ಪಿರಿಯಡ್ಡು ಅವಳದೇ. ಹೋದಳು. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಮಾಡಿದ ಎರಡನೆಯ ತಪ್ಪು ಅದು. ಮೊದಲನೆಯದು ಸಂಸಾರ.

ಮಧ್ಯಾಹ್ನ ಬಂದು ನೋಡಿದರೆ ಲ್ಯಾಪ್‌ಟಾಪು ಇನ್ನೂ ಎದ್ದಿರಲಿಲ್ಲ. ಗಂಡನ ಮುಖದಲ್ಲಿ ಮಾತ್ರ ಕೋಟೆ ಗೆದ್ದ ಕಳೆ.

"ಈಗ ಅಲ್ಲಾಡ್ಸು. ಒಂದು ಸದ್ದು ಬಂದ್ರೆ ಕೇಳು."

"ಸದ್ದು ನಿಲ್ಸಿ ಅಂತ ಯಾರು ಕೇಳಿದ್ರು? ನಡೀರಿ ಅಂಗಡಿಗೆ."

ಮೂರು ಗಂಟೆಗೆ ಇಬ್ಬರೂ ಬಸ್‌ಸ್ಟ್ಯಾಂಡ್ ಪಕ್ಕದ ಆಫ್ತಾಬನ ರಿಪೇರಿ ಅಂಗಡಿಯಲ್ಲಿದ್ದರು. ಆಫ್ತಾಬ್ ಎಲ್ಲ ಕೇಳಿಸಿಕೊಂಡು ನಕ್ಕ.

"ಬೆಳಿಗ್ಗೆ ಲೊಟ್ ಅಂತಿತ್ತಾ ಮೇಡಂ? ಹಂಗಾರೆ ಹೆದರ್ಬೇಡಿ. ಹಳೇ ಮಾಡಲ್ಲು, ಹಾರ್ಡ್ ಡಿಸ್ಕ್ ಸಡ್ಲ ಆಗಿರ್ತದೆ. ನಿಮ್ಮ ಮಾರ್ಕ್ಸೆಲ್ಲ ಅದ್ರೊಳಗೇ ಇರೋದು. ಒತ್ತಿ ಕೂರ್ಸಿದ್ರೆ ಎರಡು ನಿಮಿಷದ ಕೆಲ್ಸ."

ಸುಚಿತ್ರಾಳಿಗೆ ಹೋದ ಜೀವ ಬಂತು.

"ಎಳೆ ಕೆಟ್ಟಿಲ್ಲ ಅಂತ ನಾನು ಹೇಳ್ಲಿಲ್ವಾ?" ಎಂದು ಮುನಿಶಾಮಯ್ಯ ಪಕ್ಕದ ಬೇಕರಿಗೂ ಕೇಳುವಂತೆ ಹೇಳಿದ.

ಆಫ್ತಾಬ್ ಮುಚ್ಚಳ ಬಿಚ್ಚಿದ. ಬಗ್ಗಿ ನೋಡಿದ. ಟಾರ್ಚ್ ಹಾಕಿ ನೋಡಿದ. ಡಿಸ್ಕ್ ಇರಬೇಕಾದ ಜಾಗ ಗುಡಿಸಿ ಸಾರಿಸಿಟ್ಟಂತೆ ಖಾಲಿಯಿತ್ತು.

ಸುಚಿತ್ರಾ ಗಂಡನ ಕಡೆ ನಿಧಾನವಾಗಿ ತಿರುಗಿದಳು. "ರೀ, ಇಲ್ಲಿದ್ದದ್ದು ಎಲ್ಲಿ?"

"ನೂಲಿರೋದು ಗೂಡಲ್ಲಿ, ಒಳಗಿರೋ ಹುಳ ವೇಸ್ಟಲ್ವಾ ಅಂತ ತಗುದ್ಬುಟ್ಟೆ," ಎಂದ ಮುನಿಶಾಮಯ್ಯ. "ಹುಳದ ಮೂಟೆ ಜೊತೇಲಿ ಕೋಳಿ ಫಾರಂಗೆ ಹೋಯ್ತು."